ಲೆಗೊ ಗಡಿಯಾರದ ಕೈಪಿಡಿ: ಮೊದಲು ಗಿಯರ್, ಆಮೇಲೆ ಲೋಲಕ

ಲೆಗೊ ಟೆಕ್ನಿಕ್ ತುಂಡುಗಳಲ್ಲಿ ಲೋಲಕದ ಗಡಿಯಾರ ಕಟ್ಟುವುದು ಹೇಗೆಂದು ಬರೆಯುವವರು ಬಹುಪಾಲು ಲೋಲಕದಿಂದಲೇ ಶುರು ಮಾಡುತ್ತಾರೆ. ಎರಡು ಸೆಕೆಂಡಿಗೆ ಒಮ್ಮೆ ಹೋಗಿ ಬರುವ ಒಂದು ಮೀಟರಿನ ಲೋಲಕ, ಇಲ್ಲವೇ ಒಂದು ಸೆಕೆಂಡಿನ 25 ಸೆಂ.ಮೀ. ಲೋಲಕ. ಅಂಕಿ ಕೇಳಲು ಚೆಂದ, ಆದರೆ ಗಿಯರ್ ಜೋಡಿಸಲು ಕೂತಾಗ ತಲೆನೋವು. ಲೋಲಕವನ್ನು ಬೇಕಾದಷ್ಟು ಉದ್ದ ಮಾಡಬಹುದು, ಗಿಯರಿಗೆ ಒಂದು ಹಲ್ಲು ಕೂಡಿಸಲಾಗದು. ಹಾಗಾಗಿ ಡಬ್ಬಿಯಲ್ಲಿರುವ ಗಿಯರ್‌ಗಳನ್ನು ಮೊದಲು ನೋಡಿ, ಲೋಲಕವನ್ನು ಅವಕ್ಕೆ ತಕ್ಕಂತೆ ಕತ್ತರಿಸುವುದೇ ಸರಿ. ದೀಪಾವಳಿ ರಜೆಯಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಮುಗಿಸಿದ ಮುಂಬೈ, ಪುಣೆಯ ನಮ್ಮ ಮಕ್ಕಳಿಗೆ ಮುಂದಿನ ಕೆಲಸ ಹುಡುಕುತ್ತಿರುವವರು ಕೈಪಿಡಿ ಬರೆದು ಹಂಚಬೇಕೆಂದಿದ್ದರೆ, ಇಲ್ಲಿರುವ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬಹುದು.

ಸಾಮಾನ್ಯವಾಗಿ ಸಿಗುವ ಗಿಯರ್‌ಗಳು 8, 16, 24 ಮತ್ತು 40 ಹಲ್ಲಿನವು. ಲೆಗೊ ಇಟ್ಟಿಗೆಯ ಮೇಲಿನ ಗುಬುಟಿಗೆ ಸ್ಟಡ್ ಎನ್ನುತ್ತಾರೆ, ಒಂದು ಸ್ಟಡ್ ಅಂತರವೆಂದರೆ 8 ಮಿ.ಮೀ. ಎರಡು ಗಿಯರ್‌ಗಳ ಹಲ್ಲುಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಅವುಗಳ ಆಕ್ಸಲ್‌ಗಳ (ಗಿಯರ್ ಕೂರುವ ಕಡ್ಡಿಗಳ) ನಡುವಿನ ದೂರ ಮಿಲಿಮೀಟರಿನಲ್ಲಿ ಸಿಗುತ್ತದೆ. 8 ಮತ್ತು 24 ಸೇರಿದರೆ 16 ಮಿ.ಮೀ., ಅಂದರೆ 2 ಸ್ಟಡ್. 8 ಮತ್ತು 40 ಸೇರಿದರೆ 24 ಮಿ.ಮೀ., 3 ಸ್ಟಡ್. ಎರಡೂ ಬೀಮಿನ, ಅಂದರೆ ಸಾಲು ತೂತಿನ ಪಟ್ಟಿಯ, ತೂತುಗಳಿಗೆ ನೇರವಾಗಿ ಕೂರುತ್ತವೆ. ಕಾಟ ಕೊಡುವುದು 16ರ ಗಿಯರ್: 8ರ ಜೊತೆ ಅದಕ್ಕೆ 12 ಮಿ.ಮೀ. ಬೇಕು, ಅಂದರೆ ಒಂದೂವರೆ ಸ್ಟಡ್. 3 ಪಟ್ಟು, 5 ಪಟ್ಟು ಸಲೀಸು. 2 ಪಟ್ಟು ಮಾತ್ರ ಒಲ್ಲದ ಮದುಮಗ.

ಈಗ ಸೂತ್ರ. ನಿಮಿಷದ ಆಕ್ಸಲ್ ಗಂಟೆಗೆ ಒಂದು ಸುತ್ತು ಬರಬೇಕು. ಎಸ್ಕೇಪ್ ಚಕ್ರದ (ಲೋಲಕದ ಪ್ರತಿ ಪೂರ್ಣ ತೂಗಿಗೆ ಒಂದೊಂದೇ ಹಲ್ಲು ಮುಂದೆ ಸಾಗುವ ಚಕ್ರ) ಹಲ್ಲುಗಳ ಸಂಖ್ಯೆಯನ್ನು ಲೋಲಕದ ಒಂದು ಪೂರ್ಣ ತೂಗಿನ ಸೆಕೆಂಡಿನಿಂದ ಗುಣಿಸಿ, ಬಂದದ್ದರಿಂದ 3600ನ್ನು ಭಾಗಿಸಿ. ಬೇಕಾದ ಗಿಯರ್ ಅನುಪಾತ ಅದು. 12 ಹಲ್ಲಿನ ಚಕ್ರ, 1 ಸೆಕೆಂಡಿನ ಲೋಲಕವಾದರೆ 300, ಅದರೊಳಗೆ ಎರಡು 2 ಕೂತಿವೆ. 2 ಸೆಕೆಂಡಿನದಾದರೆ 150, ಅಲ್ಲೂ ಒಂದು 2. ಅದೇ ಲೋಲಕ 4/3 ಸೆಕೆಂಡಿನದಾದರೆ ಅನುಪಾತ 225, ಅಂದರೆ 5×5×3×3. ಎರಡರ ಸುಳಿವೇ ಇಲ್ಲ! ನಾಲ್ಕು ಹಂತ, 8, 24, 40ರ ಗಿಯರ್ ಮಾತ್ರ, ಎಲ್ಲವೂ ಪೂರ್ಣ ಸ್ಟಡ್ ಅಂತರದಲ್ಲಿ. ಲೋಲಕ ನಿಮಿಷಕ್ಕೆ 45 ಸಲ ಹೋಗಿ ಬರುತ್ತದೆ, 90 ಟಿಕ್ ಕೇಳುತ್ತದೆ, ಎಸ್ಕೇಪ್ ಚಕ್ರ 16 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ.

ಆಕ್ಸಲ್‌ಗಳು ಐದು. ಎ (ದಾರ ಸುತ್ತುವ ಡ್ರಮ್, 40ರ ಗಿಯರ್), ಬಿ (8 ಮತ್ತು 40), ಸಿ (8 ಮತ್ತು 24), ಡಿ (8 ಮತ್ತು 24), ಇ (8 ಮತ್ತು ಎಸ್ಕೇಪ್ ಚಕ್ರ). ಅಂತರ ಕ್ರಮವಾಗಿ 3, 3, 2, 2 ಸ್ಟಡ್. ಒಟ್ಟು 10 ಸ್ಟಡ್ ಉದ್ದದ ಒಂದೇ ಸಾಲು. ಗಿಯರ್‌ಗಳನ್ನು ಮೂರು ಪದರಗಳಲ್ಲಿ ಕೂರಿಸಬೇಕು: ಎ–ಬಿ ಜೋಡಿ ಒಂದನೇ ಪದರ, ಬಿ–ಸಿ ಎರಡನೆಯದು, ಸಿ–ಡಿ ಮೂರನೆಯದು, ಡಿ–ಇ ಮತ್ತೆ ಒಂದನೆಯದು. ಡಿ–ಇ ಜೋಡಿಯನ್ನು ಎರಡನೇ ಪದರದಲ್ಲಿಟ್ಟರೆ ಡಿಯ 24ರ ಗಿಯರ್ ಸಿಯ 8ಕ್ಕೂ ಕಚ್ಚಿಕೊಂಡು ಇಡೀ ಸಾಲು ಬಿಗಿದು ನಿಲ್ಲುತ್ತದೆ. ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ತಿರುಗಿಸಿದರೆ ಕದಲುವುದಿಲ್ಲ. ಇನ್ನೊಂದು ಗುಟ್ಟಿನ ಜಾಗವಿದೆ. ಬಿಯ 40ರ ಗಿಯರಿನ ಅಂಚಿಗೂ ಎ ಆಕ್ಸಲಿನ ನಡುವಿಗೂ ಸುಮಾರು 3 ಮಿ.ಮೀ. ಮಾತ್ರ ಉಳಿಯುತ್ತದೆ. ಬರಿ ಆಕ್ಸಲ್ ಅಲ್ಲಿ ಹಿಡಿಸುತ್ತದೆ, ಬುಷ್ (ಆಕ್ಸಲ್ ಜಾರದಂತೆ ತೊಡಿಸುವ ಬಳೆ) ಹಾಕಿದರೆ ಉಜ್ಜುತ್ತದೆ. ಎರಡನೇ ಪದರದಲ್ಲಿ ಎ ಮೇಲೆ ಬುಷ್ ಹಾಕಬೇಡಿ. ಕೈಪಿಡಿಯಲ್ಲಿ ಈ ಎರಡು ಜಾಗಗಳಿಗೆ ಪಕ್ಕದಿಂದ ತೆಗೆದ ಫೋಟೊ ಕಡ್ಡಾಯ. ಎದುರಿನಿಂದ ತೆಗೆದ ಫೋಟೊದಲ್ಲಿ ಪದರವೇ ಕಾಣುವುದಿಲ್ಲ.

ಬುಷ್‌ಗಳನ್ನು ಬೀಮಿಗೆ ಒತ್ತಿ ಕೂರಿಸುವ ಚಟ ಎಲ್ಲರಿಗೂ ಇರುತ್ತದೆ. ನಡುವೆ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಬಿಡಿ. ಈ ಸಾಲು ವೇಗ ಹೆಚ್ಚಿಸುವ ಸಾಲು. ತೂಕ ಇರುವ ಎ ತುದಿಯ ಬಲ ಇ ತುದಿಗೆ ಬರುವಾಗ 225 ಪಾಲು ಸಣ್ಣದಾಗಿರುತ್ತದೆ. ಎ ಬಳಿ ಸ್ವಲ್ಪ ಉಜ್ಜಿದರೆ ನಡೆದೀತು, ಇ ಬಳಿ ಕೂದಲು ಸಿಕ್ಕಿಕೊಂಡರೂ ಗಡಿಯಾರ ನಿಂತಿತು. ಎಣ್ಣೆ ಬೇಡವೇ ಬೇಡ. ಮುಂಬೈಯ ಧೂಳು ಎಣ್ಣೆಯಲ್ಲಿ ಕೂತು ಸ್ವಲ್ಪ ದಿನಕ್ಕೆ ಮೇಣವಾಗುತ್ತದೆ. ಪರೀಕ್ಷೆ ಸುಲಭ: ಎಸ್ಕೇಪ್ ಚಕ್ರ ಹಾಕುವ ಮೊದಲು ಎ ಆಕ್ಸಲನ್ನು ಬೆರಳಿನಲ್ಲಿ ತಿರುಗಿಸಿ ಬಿಟ್ಟರೆ ಇ ಸರ್ರನೆ ಓಡಬೇಕು. ತಡೆತಡೆದು ಓಡಿದರೆ ಅಲ್ಲೇ ನಿಂತು ಸರಿಮಾಡಿ, ಮುಂದಕ್ಕೆ ಹೋಗಬೇಡಿ.

ಚೌಕಟ್ಟು ಎರಡು ಲೀಟರ್ ನೀರಿನ ತೂಕ ಹೊರಬೇಕು. ಬರಿ ಆಯತ ಕಟ್ಟಿದರೆ ಓರೆಯಾಗಿ ತೂತುಗಳು ಒಂದರ ಮುಂದೊಂದು ನಿಲ್ಲುವುದಿಲ್ಲ, ಆಕ್ಸಲ್ ಬಿಗಿಯುತ್ತದೆ. ಮೂಲೆಗಳಿಗೆ 3-4-5ರ ತ್ರಿಕೋನ ಕೊಡಿ. ಇಲ್ಲಿ ಎಣಿಸಬೇಕಾದ್ದು ತೂತುಗಳನ್ನಲ್ಲ, ತೂತುಗಳ ನಡುವಿನ ಅಂತರಗಳನ್ನು. ಆದ್ದರಿಂದ ಬೀಮುಗಳು 4, 5, 6 ತೂತಿನವು. ಸ್ಟಡ್ ಇರುವ ಟೆಕ್ನಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವುದಾದರೆ ಇಟ್ಟಿಗೆ 9.6, ಪ್ಲೇಟ್ 3.2 ಮಿ.ಮೀ. ಎತ್ತರ. ಎರಡು ಇಟ್ಟಿಗೆಗಳ ನಡುವೆ ಎರಡು ಪ್ಲೇಟ್ ಇಟ್ಟಾಗ ಮಾತ್ರ ತೂತುಗಳ ಅಂತರ 16 ಮಿ.ಮೀ. ಆಗುತ್ತದೆ. ಬೇರೆ ಕಂಪನಿಗಳ ಅಗ್ಗದ ತುಂಡು ಬಳಸುವವರು ಬೀಮಿನ ಪ್ರತಿ ತೂತಿನಲ್ಲೂ ಆಕ್ಸಲ್ ತೂರಿಸಿ ತಿರುಗಿಸಿ ನೋಡಲಿ. ಬಣ್ಣದ ಇಟ್ಟಿಗೆ ಯಾವುದಾದರೂ ನಡೆದೀತು, ತೂತು ಬಿಗಿ ಇದ್ದರೆ ನಡೆಯದು.

ಎಸ್ಕೇಪ್ ಚಕ್ರಕ್ಕೆ 12 ಹಲ್ಲು ಎಲ್ಲಿಂದ ತರುವುದು? ನಡುವೆ ಕೂಡು-ಗುರುತಿನ ತೂತು ಇರುವ, 120 ಡಿಗ್ರಿಗೊಂದರಂತೆ ಮೂರು ತೋಳಿನ ತುಂಡುಗಳು ನಾಲ್ಕು ಸಾಕು. ಒಂದೇ ಆಕ್ಸಲಿಗೆ ಮೊದಲನೆಯದನ್ನು ಹಾಕಿ, ಉಳಿದವನ್ನು 90, 180, 270 ಡಿಗ್ರಿ ತಿರುಗಿಸಿ ಪೋಣಿಸಿ. ಆಕ್ಸಲಿಗೆ ನಾಲ್ಕು ಮಗ್ಗುಲು, ತುಂಡಿಗೆ ಮೂರು ತೋಳು. ಎರಡರ ನಡುವಿನ ಈ ಪೇಚಿನಿಂದಲೇ 30 ಡಿಗ್ರಿಗೆ ಒಂದು ಹಲ್ಲು ತಾನಾಗಿ ಬರುತ್ತದೆ. ಹಲ್ಲುಗಳು ನಾಲ್ಕು ಪದರಗಳಲ್ಲಿ ಇರುವುದರಿಂದ ಆಂಕರಿನ (ಲೋಲಕದೊಂದಿಗೆ ತೂಗುತ್ತ ಚಕ್ರವನ್ನು ಹಿಡಿದು ಬಿಡುವ ಕೊಕ್ಕೆ) ಎರಡೂ ತುದಿಗಳ ಪ್ಯಾಲೆಟ್‌ಗಳು ಆ ನಾಲ್ಕೂ ಪದರಗಳಿಗೆ ಮುಟ್ಟುವಷ್ಟು ಅಗಲ ಇರಬೇಕು. ಪ್ಯಾಲೆಟ್‌ಗಳ ನಡುವೆ ಎರಡೂವರೆ ಅಥವಾ ಮೂರೂವರೆ ಹಲ್ಲಿನಷ್ಟು ಜಾಗ, ಅಂದರೆ 75 ಅಥವಾ 105 ಡಿಗ್ರಿ. ಆ ಅರ್ಧ ಹಲ್ಲು ಇಲ್ಲದಿದ್ದರೆ ಒಂದು ಪ್ಯಾಲೆಟ್ ಬಿಟ್ಟಾಗ ಇನ್ನೊಂದು ಹಿಡಿಯುವುದಿಲ್ಲ.

ಹೊಸಬರ ಹೆಚ್ಚಿನ ಸಮಯ ತಿನ್ನುವುದು ಈ ಆಂಕರೇ. ಚಕ್ರ ಗರ್ರೆಂದು ಓಡಿಬಿಟ್ಟರೆ ಆಂಕರ್ ಚಕ್ರದಿಂದ ತೀರ ದೂರವಿದೆ. ಎರಡೂ ಪ್ಯಾಲೆಟ್ ಒಟ್ಟಿಗೆ ತಾಗಿ ಚಕ್ರ ಸಿಕ್ಕಿಬಿದ್ದರೆ ತೀರ ಹತ್ತಿರವಿದೆ. ಆಂಕರಿನ ಕೀಲನ್ನೇ ಒಂದು ಸ್ಟಡ್ ಸರಿಸುವುದು ಹೆಚ್ಚಾದೀತು. ಪ್ಯಾಲೆಟನ್ನು ಆಕ್ಸಲ್ ಮೇಲೆ ಕೂರಿಸಿದರೆ ಅದನ್ನು ಅರ್ಧ ಮಿಲಿಮೀಟರಿನಂತೆ ಜಾರಿಸಿ ಹದ ಹಿಡಿಯಬಹುದು. ಟಿಕ್ಕಿಗೂ ಟಾಕಿಗೂ ಸಮ ಅಂತರ ಕೇಳದಿದ್ದರೆ ಚೌಕಟ್ಟು ಓರೆಯಾಗಿದೆ ಎಂದರ್ಥ. ಒಂದು ಬದಿಗೆ ಮಡಿಸಿದ ಕಾಗದ ಕೊಟ್ಟು ಕಿವಿಯಿಂದಲೇ ಸರಿಮಾಡಬೇಕು.

ಲೋಲಕಕ್ಕೆ ಬಂದರೆ, 4/3 ಸೆಕೆಂಡಿಗೆ ಮುಂಬೈಯಲ್ಲಿ ಬೇಕಾದ ಉದ್ದ 44.1 ಸೆಂ.ಮೀ. ಅಂದರೆ ಹೆಚ್ಚುಕಡಿಮೆ 55 ಸ್ಟಡ್. ಇದನ್ನು ಇಂಗ್ಲೆಂಡಿನ ಯಾವುದೋ ಲೆಕ್ಕದಿಂದ ನಕಲು ಮಾಡಬೇಡಿ. ಲಂಡನ್ನಿನ ಗುರುತ್ವ 9.81, ಮುಂಬೈಯದು 9.786ರ ಆಸುಪಾಸು. ಅಲ್ಲಿ ಸರಿಯಾಗಿ ನಡೆಯುವ ಲೋಲಕ ಇಲ್ಲಿ ದಿನಕ್ಕೆ ಎರಡು ನಿಮಿಷದಷ್ಟು ಹಿಂದೆ ಬೀಳುತ್ತದೆ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಷೇ ಪ್ಯಾರಿಸಿನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ ಅವನ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ. ಮುಂಬೈ–ಪುಣೆ ನಡುವಿನ ವ್ಯತ್ಯಾಸ ದಿನಕ್ಕೆ ಕೆಲವೇ ಸೆಕೆಂಡು, ಘಾಟ್ ಹತ್ತಿದ ಮೇಲೆ ಅದರ ಚಿಂತೆ ಬೇಡ.

ಲೋಲಕದ ತುದಿಯಲ್ಲಿ ತೂಗುವ ಗುಂಡು ಎಂದರೆ 10 ರೂಪಾಯಿಯ 20 ನಾಣ್ಯ. ಒಂದೊಂದು 7.7 ಗ್ರಾಂ, ಒಟ್ಟು 150 ಗ್ರಾಂ ದಾಟುತ್ತದೆ. ನಾಣ್ಯದ ಅಡ್ಡಳತೆ 27 ಮಿ.ಮೀ., ಒಳಗೆ 4 ಸ್ಟಡ್ ಅಗಲದ ಡಬ್ಬಿ ಸಾಕು. ಉಳಿದ ಜಾಗಕ್ಕೆ ಕಾಗದ ತುರುಕಿ. ನಾಣ್ಯ ಒಳಗೆ ಗಲಗಲ ಎಂದಷ್ಟೂ ತೂಗಿನ ಶಕ್ತಿ ಸೋರುತ್ತದೆ. ಕಡ್ಡಿಗೂ ತೂಕವಿರುವುದರಿಂದ ಲೋಲಕ ಲೆಕ್ಕಕ್ಕಿಂತ ಚುರುಕಾಗಿ ತೂಗುತ್ತದೆ. ಗುಂಡಿನ ನಡುವನ್ನು 56ನೇ ಸ್ಟಡ್ಡಿಗೆ ಇಟ್ಟು ಶುರುಮಾಡಿ. ಮೇಲೆ ಆಕ್ಸಲಿನ ಕೀಲಿಗಿಂತ ಹಳೆಯ ಎಕ್ಸ್-ರೇ ಫಿಲ್ಮಿನ ಒಂದು ಸೆಂ.ಮೀ. ಅಗಲದ ಪಟ್ಟಿ ವಾಸಿ, ಪ್ಲೇಟುಗಳ ನಡುವೆ ಒತ್ತಿ ಹಿಡಿಸಿದರೆ ಆಯಿತು. ಲೆಗೊ ಬಿಟ್ಟು ಬೇರೇನೂ ಮುಟ್ಟೆವು ಎನ್ನುವ ಮಡಿವಂತರು ಕೀಲನ್ನೇ ಇಟ್ಟುಕೊಳ್ಳಲಿ, ಅರ್ಧ ಲೀಟರ್ ನೀರು ಹೆಚ್ಚಿಗೆ ಹಾಕಲಿ.

ಈ ಉದ್ದದಲ್ಲಿ ಗುಂಡು ಒಂದು ಮಿಲಿಮೀಟರ್ ಸರಿದರೆ ದಿನಕ್ಕೆ 98 ಸೆಕೆಂಡು ವ್ಯತ್ಯಾಸ. ಒಂದು ಪ್ಲೇಟಿನಷ್ಟು ಸರಿದರೆ ಐದು ನಿಮಿಷ, ಒಂದು ಸ್ಟಡ್ಡಿಗೆ ಹದಿಮೂರು ನಿಮಿಷ. ಅಂದಮೇಲೆ ಗುಂಡು ಸರಿಸಿ ಹದ ಮಾಡುವುದು ಆಗದ ಮಾತು. ಲಂಡನ್ನಿನ ಬಿಗ್ ಬೆನ್ ಗಡಿಯಾರದ ಲೋಲಕದ ಮೇಲೆ ಒಂದು ಹಳೆಯ ಪೆನ್ನಿ ಇಟ್ಟರೆ ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುತ್ತದೆ. ಅದೇ ಉಪಾಯ ಇಲ್ಲೂ ಸಲ್ಲುತ್ತದೆ. ಗಡಿಯಾರ ತುಸು ಹಿಂದೆ ಬೀಳುವಂತೆ ಗುಂಡನ್ನು ಇಟ್ಟು, ಕಡ್ಡಿಯ ನಟ್ಟನಡುವೆ 2×2 ಇಟ್ಟಿಗೆ ಒಂದನ್ನು ಕೂರಿಸಿ. ಸುಮಾರು 80 ಸೆಕೆಂಡು ಮುಂದಕ್ಕೆ ಹೋಗುತ್ತದೆ. ಇನ್ನೂ ಸಣ್ಣ ತಿದ್ದುಪಡಿಗೆ ಸಣ್ಣ ಪ್ಲೇಟು.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆಗೊ ತುಂಡುಗಳ ಎಬಿಎಸ್ ಪ್ಲಾಸ್ಟಿಕ್ ಬಿಸಿಗೆ ಚೆನ್ನಾಗಿಯೇ ಹಿಗ್ಗುತ್ತದೆ. ಪುಣೆಯ ಜನವರಿ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 25 ಡಿಗ್ರಿ ಅಂತರವಾದರೆ ಇದೇ ಲೋಲಕ ದಿನಕ್ಕೆ ಒಂದೂಕಾಲು, ಒಂದೂವರೆ ನಿಮಿಷ ಆಚೀಚೆ. ಮುಂಬೈಯಲ್ಲಿ ಇಷ್ಟು ಏರಿಳಿತವಿಲ್ಲ. ಅಲ್ಲಿಯ ಶತ್ರು ಸದಾ ತಿರುಗುವ ಸೀಲಿಂಗ್ ಫ್ಯಾನು. ಗಾಳಿ ನೇರವಾಗಿ ಬಡಿಯುವ ಗೋಡೆ ಬೇಡ. ಟೀಪಾಯಿ ಮೇಲಂತೂ ಇಡಲೇಬೇಡಿ, ಲೋಲಕದ ಜೊತೆ ಟೀಪಾಯಿಯೂ ತೂಗಿ ಶಕ್ತಿ ತಿನ್ನುತ್ತದೆ. ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ.

ಡ್ರಮ್ಮಿಗೆ 2×2 ದುಂಡು ಇಟ್ಟಿಗೆ ಮೂರು. ಅಡ್ಡಳತೆ 16 ಮಿ.ಮೀ., ಒಂದು ಮಿ.ಮೀ. ದಪ್ಪದ ನೈಲಾನ್ ದಾರದೊಂದಿಗೆ ಗಂಟೆಗೆ 53 ಮಿ.ಮೀ. ಇಳಿಯುತ್ತದೆ. 24 ಗಂಟೆಗೆ 1.28 ಮೀಟರ್ ಇಳಿತ ಬೇಕು, 24 ಸುತ್ತು ಒಂದೇ ಪದರದಲ್ಲಿ ಹಿಡಿಸುತ್ತದೆ. ತೂಕಕ್ಕೆ ಎರಡು ಲೀಟರಿನ ನೀರಿನ ಬಾಟಲಿ. ಒಂದು ಲೀಟರಿನಿಂದ ಶುರುಮಾಡಿ ನೂರು ನೂರು ಮಿ.ಲೀ. ಸುರಿಯುತ್ತ ಹೋಗಿ, ತೂಗು ಕುಗ್ಗದೆ ನಿಂತ ಮೇಲೆ ಕಾಲು ಪಾಲು ಹೆಚ್ಚಿಗೆ ಹಾಕಿ ಬಿಡಿ. ನೀರು ಬದಲಾದರೆ ತೂಗಿನ ಅಗಲವೂ ಬದಲಾಗಿ ವೇಗ ತುಸು ಏರುಪೇರಾಗುತ್ತದೆ, ಆದ್ದರಿಂದ ಹದ ಮಾಡುವುದು ನೀರು ಖಾಯಂ ಆದ ಮೇಲೆ. ಕೀ ಕೊಡಲು ಡ್ರಮ್ಮಿಗೆ 24ರ ಗಿಯರ್ ಒಂದು, ಅದರ ಹಲ್ಲಿಗೆ ಕೂರುವ ಪುಟ್ಟ ಸನ್ನೆ, ರಬ್ಬರ್ ಬ್ಯಾಂಡು.

ಮುಳ್ಳುಗಳ ಬಗ್ಗೆ ಒಂದು ಎಚ್ಚರ. ಸಮಯ ತಿದ್ದಲು ಜಾರುವ 24ರ ಕ್ಲಚ್ ಗಿಯರ್ ಇದೆ, ಅದು 2.5ರಿಂದ 5 ನ್ಯೂಟನ್ ಸೆಂ.ಮೀ.ಗೆ ಜಾರುತ್ತದೆ. ಒಂದು ಲೀಟರ್ ಬಾಟಲಿಯೇ ಈ ಡ್ರಮ್ ಮೇಲೆ 8ರ ಹತ್ತಿರ ಎಳೆಯುತ್ತದೆ. ಕ್ಲಚ್ಚನ್ನು ತೂಕದ ಸಾಲಿನೊಳಗೆ ಇಟ್ಟರೆ ಬಾಟಲಿ ಧೊಪ್ಪೆಂದು ನೆಲಕ್ಕೆ. ಎ ಆಕ್ಸಲಿನಿಂದ 24ಕ್ಕೆ 24ರ ಜೋಡಿಯಲ್ಲಿ ಪಕ್ಕಕ್ಕೆ ಕವಲು ತೆಗೆದು ನಿಮಿಷದ ಮುಳ್ಳು ಅಲ್ಲಿ ಹಾಕಿ. ಗಂಟೆಯ ಮುಳ್ಳಿಗೆ 12 ಪಟ್ಟು ಬೇಕು, 3×2×2. ಒಂದೂವರೆ ಸ್ಟಡ್ಡಿನ ಎರಡು ಹಂತ ಅಕ್ಕಪಕ್ಕ ಬಂದರೆ ಒಟ್ಟು ಮೂರು ಸ್ಟಡ್. ನಡುವಿನ ಒಂದೇ ಆಕ್ಸಲಿಗೆ ಅರ್ಧ ಸ್ಟಡ್ ಜಾಗ ಬೇಕು, ಅದಕ್ಕೆ ಎರಡು ತೂತಿನ 1×2 ಟೆಕ್ನಿಕ್ ಇಟ್ಟಿಗೆ. ಮೂರು ಹಂತ ಬೆಸವಾದ್ದರಿಂದ ಗಂಟೆಯ ಮುಳ್ಳು ಹಿಮ್ಮುಖ ಓಡುತ್ತದೆ. 8 ಮತ್ತು 24ರ ನಡುವೆ ಇನ್ನೊಂದು 24 ಸೇರಿಸಿ, ಅನುಪಾತ ಬದಲಾಗದೆ ದಿಕ್ಕು ಮಾತ್ರ ತಿರುಗುತ್ತದೆ. ಎರಡು ಮುಳ್ಳನ್ನೂ ಒಂದೇ ನಡುವಿನಲ್ಲಿ ಕೂರಿಸುವ ಹಟ ಮೊದಲ ಗಡಿಯಾರಕ್ಕೆ ಬೇಡ, ಗಂಟೆಗೆ ಬೇರೆ ಪುಟ್ಟ ಮುಖ ಇರಲಿ.

ಒಟ್ಟು ಗಿಯರ್‌ಗಳು: 8ರವು ಏಳು, 16ರವು ಎರಡು, 24ರವು ಆರು (ಕೀಯ ಒಂದು ಸೇರಿ), ಕ್ಲಚ್ ಒಂದು, 40ರವು ಎರಡು. ಹಂಚುವ ಪಿಡಿಎಫ್‌ನ ಮೊದಲ ಪುಟದಲ್ಲೇ ಈ ಪಟ್ಟಿ ಇರಲಿ, ಬಣ್ಣ ನಮೂದಿಸಬೇಡಿ. ಫೋಟೊದಲ್ಲಿ ಹಳದಿ ಕಂಡರೆ ಹಳದಿಯನ್ನೇ ಹುಡುಕಿ ಅಲೆಯುವವರಿದ್ದಾರೆ. ವಾಟ್ಸಾಪಿನಲ್ಲಿ ಫೋಟೊಗಳನ್ನು ಬಿಡಿಬಿಡಿಯಾಗಿ ಕಳಿಸಿದರೆ ಸ್ಪಷ್ಟತೆಯೂ ಕುಂದುತ್ತದೆ, ಹಂತಗಳ ಕ್ರಮವೂ ಕಲಸಿಹೋಗುತ್ತದೆ, ಪಿಡಿಎಫ್ ಡಾಕ್ಯುಮೆಂಟಾಗಿಯೇ ಹೋಗಲಿ. ಕಡತದ ಹೆಸರಿನಲ್ಲಿ ದಿನಾಂಕ ಇರಲಿ, ತಿದ್ದಿದ ಪ್ರತಿ ಬಂದಾಗ ಹಳೆಯದು ಯಾವುದೆಂದು ಗೊತ್ತಾಗಬೇಕು. ಹಂಚುವ ಮೊದಲು, ಗಡಿಯಾರ ಕಟ್ಟಿ ಗೊತ್ತಿಲ್ಲದ ಒಬ್ಬರ ಕೈಗೆ ಕೈಪಿಡಿ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು ನೋಡಿ. ಅವರು ಪುಟ ಹಿಂದೆ ತಿರುಗಿಸಿದ ಕಡೆಯೆಲ್ಲ ಒಂದು ಚಿತ್ರ ಕಡಿಮೆಯಿದೆ.