ಆಲೆಮನೆಯಲ್ಲಿ ಕಟ್ಟಿದ ಕ್ಯಾಂಪರ್ ಟ್ರೇಲರ್

ಮಂಡ್ಯದಿಂದ ಹತ್ತು-ಹನ್ನೆರಡು ಕಿಲೋಮೀಟರು ಒಳಗಿರುವ ನಮ್ಮ ಮಾವನವರ ಊರಿನಲ್ಲಿ, ಗಾಣ ನಿಂತು ಆರು ವರ್ಷವಾದ ಒಂದು ಆಲೆಮನೆಯಿದೆ. ಬೆಲ್ಲ ಕಾಯಿಸುತ್ತಿದ್ದ ಕೊಪ್ಪರಿಗೆಯನ್ನು ಮೂಲೆಯಲ್ಲಿ ಕವುಚಿಟ್ಟಿದ್ದಾರೆ. ಒಲೆಯ ಗುಂಡಿಯ ಮೇಲೆ ಚಪ್ಪಡಿ ಎಳೆದು ನೆಲವನ್ನು ಸಮ ಮಾಡಿದ್ದಾರೆ. ಮಳೆ ಹಿಡಿದ ದಿನ ಗೋಡೆಗಳಿಂದ ಈಗಲೂ ಸೀದ ಬೆಲ್ಲದ ವಾಸನೆ ಏಳುತ್ತದೆ. ಕಳೆದ ದಸರಾ ರಜೆಯಿಂದ ಯುಗಾದಿಯವರೆಗೆ, ಪ್ರತಿ ಶನಿವಾರ ಮೈಸೂರಿನಿಂದ ಹೋಗಿ ಭಾನುವಾರ ರಾತ್ರಿ ಮರಳುತ್ತ, ನಾನೂ ನನ್ನ ಭಾಮೈದನೂ ಸೇರಿ ಆ ಆಲೆಮನೆಯಲ್ಲಿ ಒಂದು ಪಾಪ್-ಅಪ್ ಕ್ಯಾಂಪರ್ ಟ್ರೇಲರ್ ಕಟ್ಟಿದೆವು. ಎಳೆದುಕೊಂಡು ಹೋಗುವಾಗ ಅದು ಕತ್ತಿನ ಮಟ್ಟದ ಒಂದು ಪೆಟ್ಟಿಗೆ. ನಿಲ್ಲಿಸಿದ ಮೇಲೆ ಚಾವಣಿಯನ್ನು ಎತ್ತಿದರೆ ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಆಳು ನೆಟ್ಟಗೆ ನಿಲ್ಲಬಹುದಾದ ಕೋಣೆ.

ಚಾವಣಿ ಏರಿಳಿಯಲೇಬೇಕು ಎಂಬ ಹಟ ನಮಗೆ ಬಂದದ್ದು ಸೌಂದರ್ಯಕ್ಕಾಗಿ ಅಲ್ಲ. ಗಾಡಿ ಇರಬೇಕಾದ ಆಲೆಮನೆಯ ಸೂರು ಆರಡಿಗಿಂತ ಕೆಳಗಿದೆ. ಹೊಲಕ್ಕೆ ಹೋಗುವ ದಾರಿಯ ಮೇಲೆ ಮಾವಿನ ಕೊಂಬೆಗಳು ಬಾಗಿವೆ. ಆದ್ದರಿಂದ ಮುಚ್ಚಿದಾಗ ನೆಲದಿಂದ 5 ಅಡಿ 4 ಅಂಗುಲ, ತೆರೆದಾಗ ಒಳಗಿನ ಎತ್ತರ 6 ಅಡಿ 4 ಅಂಗುಲ ಎಂದು ಮೊದಲ ದಿನವೇ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆವು. ಪೆಟ್ಟಿಗೆಯ ಅಳತೆ 8 ಅಡಿ ಉದ್ದ, 5 ಅಡಿ ಅಗಲ. ಉದ್ದ ಎಂಟಡಿಯೇ ಏಕೆಂದರೆ ಪ್ಲೈವುಡ್ ಹಾಳೆ ಸಿಗುವುದು 8×4 ಅಡಿಯಲ್ಲಿ. ಅಗಲವನ್ನೂ ನಾಲ್ಕಡಿಗೆ ನಿಲ್ಲಿಸಿದ್ದರೆ ಕತ್ತರಿಸುವ ಕೆಲಸ ಉಳಿಯುತ್ತಿತ್ತು ನಿಜ, ಆದರೆ ಅಷ್ಟರಲ್ಲಿ ಇಬ್ಬರು ಮಲಗಿದರೆ ಮೂರನೆಯದಾಗಿ ಒಂದು ದಿಂಬಿಗೂ ಜಾಗವಿರುವುದಿಲ್ಲ.

ತಳದ ಚೌಕಟ್ಟಿಗೆ 50×50 ಮಿಲಿಮೀಟರ್, 3 ಮಿಲಿಮೀಟರ್ ದಪ್ಪದ ಚೌಕ ಪೈಪನ್ನು ಮೈಸೂರಿನ ಬಂಬೂ ಬಜಾರಿನಿಂದ ತಂದೆವು. ಅದು ಮೀಟರಿಗೆ ಸುಮಾರು ನಾಲ್ಕೂಕಾಲು ಕಿಲೋ ತೂಗುತ್ತದೆ. ಎಳೆಯುವ ತೋಳುಗಳೂ ಸೇರಿ ಹದಿನೇಳು ಮೀಟರಿನಷ್ಟು ಬೇಕಾಯಿತು, ಎಂದರೆ ಬರಿಯ ಚೌಕಟ್ಟೇ 75 ಕಿಲೋ ಹತ್ತಿರ. ಚಕ್ರಗಳ ಅಚ್ಚು ಮತ್ತು ಕುಲುಕು ತಡೆಯುವ ಕಮಾನ್ ಪ್ಲೇಟುಗಳನ್ನು ಗುಜರಿಯಿಂದ ಆರಿಸಿ, ಬೇರಿಂಗುಗಳನ್ನು ಮಾತ್ರ ಹೊಸದಾಗಿ ಹಾಕಿಸಿದೆವು. ಆ ಪ್ಲೇಟುಗಳು ಇದಕ್ಕಿಂತ ಬಹಳ ಭಾರದ ಗಾಡಿಯವಾದ್ದರಿಂದ ನಮ್ಮ ಪೆಟ್ಟಿಗೆ ಅವುಗಳ ಮೇಲೆ ಕಲ್ಲಿನ ಹಾಗೆ ಕುಣಿಯುತ್ತಿತ್ತು. ಎರಡೆರಡು ಪ್ಲೇಟು ತೆಗೆದ ಮೇಲೆ ಸರಿಹೋಯಿತು.

ನನ್ನ ತಲೆಯೆಲ್ಲ ಆಗ ಇದ್ದದ್ದು ಚಾವಣಿ ಎತ್ತುವ ಯಂತ್ರದ ಮೇಲೆ. ಮೊದಲು ಕತ್ತರಿ ಮಾದರಿಯ ತೋಳುಗಳನ್ನು ಯೋಚಿಸಿದ್ದೆ. ಕಾರಿನ ಕತ್ತರಿ ಜ್ಯಾಕನ್ನು ತಿರುಗಿಸಿದವರಿಗೆ ಅದರ ಗುಣ ಗೊತ್ತಿರುತ್ತದೆ: ಪೂರ್ತಿ ಮಡಚಿಕೊಂಡಿರುವಾಗ ಮೊದಲ ಎರಡು ಅಂಗುಲ ಎತ್ತುವುದೇ ಕಷ್ಟ, ಆಮೇಲೆ ಸಲೀಸು. ಲೆಕ್ಕ ಹಾಕಿ ನೋಡಿದರೆ, ತೋಳುಗಳು ನೆಲಕ್ಕೆ 10 ಡಿಗ್ರಿ ಕೋನದಲ್ಲಿ ಮಲಗಿರುವಾಗ ಚಾವಣಿಯ ತೂಕದ ಐದೂವರೆ ಪಟ್ಟಿಗೂ ಹೆಚ್ಚು ಬಲದಿಂದ ಅಡ್ಡಡ್ಡ ತಳ್ಳಬೇಕು. 45 ಕಿಲೋದ ಹಗುರ ಚಾವಣಿಯಾದರೂ 250 ಕಿಲೋ ಮೀರಿದ ತಳ್ಳಾಟ. ಕತ್ತರಿಯನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಉಳಿದದ್ದು ನಾಲ್ಕು ಮೂಲೆಗಳಲ್ಲಿ ಪೈಪಿನೊಳಗೆ ಪೈಪು ಜಾರುವ ಕಂಬಗಳು. ಉಕ್ಕಿನ ಹಗ್ಗವು ಹೊರಗಿನ ಪೈಪಿನ ತುದಿಯ ರಾಟೆಯ ಮೇಲೆ ಹಾದು ಒಳಗಿನ ಪೈಪಿನ ಬುಡಕ್ಕೆ ಇಳಿಯುತ್ತದೆ. ನಾಲ್ಕೂ ಹಗ್ಗಗಳು ತಳದಡಿಯಲ್ಲಿ ಒಂದೇ ತಗಡಿಗೆ ಸೇರುತ್ತವೆ. ಆ ತಗಡನ್ನು, ಹಿಡಿಕೆ ತಿರುಗಿಸಿ ಹಗ್ಗ ಸುತ್ತುವ ಕೈವಿಂಚು ಎಳೆಯುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ ನಾಲ್ಕು ಹಗ್ಗಗಳೂ ಒಂದೇ ಸಮ ಹಿಗ್ಗುವುದಿಲ್ಲವಾದ್ದರಿಂದ, ಒಂದು ಮೂಲೆ ಅರ್ಧ ಅಂಗುಲ ಹಿಂದೆ ಬಿದ್ದರೂ ಚಾವಣಿ ಓರೆಯಾಗಿ ಕಂಬಗಳೆಲ್ಲ ಕಚ್ಚಿಕೊಳ್ಳುತ್ತವೆ. ಮೊದಲ ಚಾವಣಿಯನ್ನು ನಾವು 12 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಜಿಐ ತಗಡು, 40×40 ಪೈಪಿನ ಚೌಕಟ್ಟು ಎಂದು ಮದುವೆಮನೆಯ ಚಪ್ಪರದಷ್ಟು ಗಟ್ಟಿಯಾಗಿ ಮಾಡಿದ್ದೆವು. ಅದು 84 ಕಿಲೋ ಬಂತು; ನಾಲ್ಕು ಸಲ ಎತ್ತುವುದರಲ್ಲಿ ನಾಲ್ಕು ಸಲವೂ ಸಿಕ್ಕಿಕೊಂಡಿತು. ಐದನೆಯ ಸಲ ವಿಂಚಿನ ಹಲ್ಲು ತಪ್ಪಿ ಚಾವಣಿ ದಡಾರನೆ ನಾಲ್ಕು ಅಂಗುಲ ಕೆಳಗೆ ಬಿತ್ತು. ಕಂಬಕ್ಕೆ ತೂರಿಸಿದ್ದ ಪಿನ್ನು ಅಲ್ಲಿ ತಡೆಯದಿದ್ದರೆ, ಅಂಚಿನ ಮೇಲೆ ಇಟ್ಟಿದ್ದ ಭಾಮೈದನ ಬೆರಳುಗಳ ಗತಿ ಏನಾಗುತ್ತಿತ್ತೋ ಹೇಳಲಾರೆ. ಹಗ್ಗ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಚಾವಣಿ ಏರಿದ ಕೂಡಲೇ ನಾಲ್ಕೂ ಪಿನ್ನು ಹಾಕದೆ ಯಾರೂ ಒಳಗೆ ಕಾಲಿಡಬಾರದೆಂದು ಅಂದಿನಿಂದ ಕಟ್ಟುಮಾಡಿದ್ದೇವೆ.

ಎರಡನೆಯ ಚಾವಣಿಗೆ 25×25 ಮಿಲಿಮೀಟರ್‌ನ ಸಣ್ಣ ಪೈಪು, ನಡುವೆ ಥರ್ಮಕೋಲು, ಮೇಲೆ 1 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆ, ಒಳಗೆ 4 ಮಿಲಿಮೀಟರ್ ಪ್ಲೈವುಡ್ ಹಾಕಿದೆವು. ಎಲ್ಲ ಸೇರಿ 45 ಕಿಲೋ. ಪ್ರತಿ ಹಗ್ಗಕ್ಕೂ, ತಿರುಗಿಸಿ ಬಿಗಿಮಾಡುವ ಒಂದೊಂದು ಟರ್ನ್‌ಬಕಲ್ ಸೇರಿಸಿದ್ದರಿಂದ, ಯಾವ ಮೂಲೆ ಹಿಂದೆ ಬಿದ್ದರೂ ಅದನ್ನು ಮಾತ್ರ ಎರಡು ಸುತ್ತು ಬಿಗಿಮಾಡಿದರೆ ಸಾಕು. ನೂರು ವ್ಯಾಟಿನ ಸೌರ ಫಲಕವನ್ನು ಚಾವಣಿಯ ಮೇಲೆ ಕೂರಿಸಬೇಕೆಂದು ಭಾಮೈದ ಬಹಳ ವಾದಿಸಿದ. ಇಷ್ಟು ಕಷ್ಟಪಟ್ಟು ಇಳಿಸಿದ ತೂಕವನ್ನು ಮತ್ತೆ ಏರಿಸಲು ನಾನು ಒಪ್ಪಲಿಲ್ಲ. ಫಲಕ ನೆಲದ ಮೇಲೆ ಬಿಸಿಲಿಗೆ ಒರಗಿಕೊಂಡಿರುತ್ತದೆ, ಅಲ್ಲಿಂದ ವೈರು ಬ್ಯಾಟರಿಗೆ ಬರುತ್ತದೆ.

ಇಷ್ಟೆಲ್ಲ ಆಗುವವರೆಗೆ ಮಾವನವರು ಆಲೆಮನೆಯ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದರೇ ಹೊರತು ಒಂದು ಮಾತೂ ಆಡಿರಲಿಲ್ಲ. ಅವರು ಪ್ರಾಯದಲ್ಲಿ ಮಂಡ್ಯದ ಮೈಷುಗರ್ ಕಾರ್ಖಾನೆಗೆ ಎತ್ತಿನಗಾಡಿಯಲ್ಲಿ ಕಬ್ಬು ಹೊಡೆದವರು. 1933ರಲ್ಲಿ ಶುರುವಾದ ಆ ಕಾರ್ಖಾನೆಯ ಮುಂದೆ ರಾತ್ರಿಯಿಡೀ ಗಾಡಿಗಳ ಸಾಲಿನಲ್ಲಿ ಮಲಗಿ ಬೆಳಗು ಮಾಡಿದವರು. ಜನವರಿಯ ಒಂದು ಭಾನುವಾರ ಪೆಟ್ಟಿಗೆಯನ್ನು ಚೌಕಟ್ಟಿಗೆ ಬಿಗಿದು, ಹಿಂಬದಿಯ ಅಡುಗೆ ಹಲಗೆಯ ಕೆಳಗಿನ 60 ಲೀಟರಿನ ಟ್ಯಾಂಕಿಗೆ ಪೈಪಿನಿಂದ ನೀರು ಬಿಟ್ಟೆವು. ಟ್ಯಾಂಕು ತುಂಬುತ್ತ ಬಂದಂತೆ, ಇಟ್ಟಿಗೆಯ ಮೇಲೆ ಕುಳಿತಿದ್ದ ಮುಂದಿನ ಕೊಂಡಿ ಯಾರೂ ಮುಟ್ಟದೆ ಮೆಲ್ಲನೆ ಮೇಲೆದ್ದಿತು. "ಹಿಂಭಾರ ಆಯ್ತು ಅಳಿಯಂದ್ರೆ, ಮೂಕಿ ಎದ್ದೋಯ್ತದೆ" ಎಂದರು ಮಾವನವರು.

ಎತ್ತಿನಗಾಡಿಗೆ ಕಬ್ಬು ಹೇರುವವರು ಮೂಕಿಯ, ಎಂದರೆ ನೊಗಕ್ಕೆ ಸೇರುವ ಮುಂದಿನ ಉದ್ದ ಮರದ, ಮೇಲೆ ಎಷ್ಟು ಭಾರ ಕೂರಬೇಕೆಂಬುದನ್ನು ಅಂಗೈಯಲ್ಲೇ ಅಳೆಯುತ್ತಾರೆ. ಮುಂಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಉಜ್ಜಿ ಗಾಯ ಮಾಡುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ನೊಗಕ್ಕೆ ಕಟ್ಟಿದ ಕೊರಳ ಹಗ್ಗ ಗಂಟಲನ್ನು ಬಿಗಿಯುತ್ತದೆ. ಕಾರಿನ ಹಿಂದೆ ಎಳೆಯುವ ಟ್ರೇಲರಿನ ಮಾತೂ ಇದೇ. ಗಾಡಿಯ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮುಂದಿನ ಕೊಂಡಿಯ ಮೇಲೆ ಕೂರಬೇಕು ಎನ್ನುವುದು ಟ್ರೇಲರ್ ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಅಳತೆ. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಹಾವಿನಂತೆ ಅತ್ತಿತ್ತ ಬಾಲ ಬೀಸತೊಡಗಿ ಎಳೆಯುವ ವಾಹನವನ್ನೂ ಜೊತೆಗೆ ಎಳೆದಾಡುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಈ ಅಂಕಿಯನ್ನು ನಾನು ಮೊದಲೇ ಓದಿದ್ದೆ, ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಇದ್ದೆ. ಆದರೂ ಅಚ್ಚನ್ನು ಪೆಟ್ಟಿಗೆಯ ಹೆಚ್ಚುಕಡಿಮೆ ನಟ್ಟನಡುವೆ ಇಟ್ಟಿದ್ದೆ, ಏಕೆಂದರೆ ಅಲ್ಲಿ ಅದು ನೋಡಲು ಸರಿಯಾಗಿ ಕಾಣುತ್ತಿತ್ತು.

ಬೆಲ್ಲದ ಅಚ್ಚುಗಳನ್ನು ತೂಗುತ್ತಿದ್ದ ಹಳೆಯ ತೂಕದ ಯಂತ್ರವನ್ನು ಒರೆಸಿ ಹೊರಗೆ ತಂದೆವು. ಇಟ್ಟಿಗೆ ಜೋಡಿಸಿ ಗಾಡಿಯನ್ನು ಮಟ್ಟಗೋಲಿನಿಂದ ಸಮ ಮಾಡಿಕೊಂಡು, ಕೊಂಡಿಯನ್ನು ಯಂತ್ರದ ಮೇಲೆ ಇಟ್ಟು ನೋಡಿದರೆ, ಟ್ಯಾಂಕು ಖಾಲಿಯಿರುವಾಗ 18 ಕಿಲೋ. ಗಾಡಿಯ ಒಟ್ಟು ತೂಕ ಆಗ 380 ಕಿಲೋ. ಟ್ಯಾಂಕು ಅಚ್ಚಿನಿಂದ ಒಂದು ಮೀಟರು ಹಿಂದಿತ್ತು, ಕೊಂಡಿ 2.6 ಮೀಟರು ಮುಂದಿತ್ತು. 60 ಲೀಟರು ನೀರು ತುಂಬಿದರೆ ಕೊಂಡಿಯಿಂದ 23 ಕಿಲೋ ಕಳೆಯುತ್ತದೆ. ಹದಿನೆಂಟರಲ್ಲಿ ಇಪ್ಪತ್ತಮೂರು ಕಳೆದರೆ ಮೂಕಿ ಏಳದೆ ಇನ್ನೇನಾಗುತ್ತದೆ?

ಪರಿಹಾರ ಎರಡು ಹೆಜ್ಜೆಯಲ್ಲಿ ಆಯಿತು. ಮೊದಲನೆಯದಾಗಿ ಟ್ಯಾಂಕನ್ನು ಸರಿಯಾಗಿ ಅಚ್ಚಿನ ನೆತ್ತಿಗೆ ತಂದೆವು. ಅಲ್ಲಿದ್ದರೆ ನೀರು ತುಂಬಿರಲಿ, ಖರ್ಚಾಗಲಿ, ಕೊಂಡಿಯ ಭಾರ ಬದಲಾಗುವುದಿಲ್ಲ. ಎರಡನೆಯದಾಗಿ ಅಚ್ಚನ್ನೇ 21 ಸೆಂಟಿಮೀಟರು ಹಿಂದಕ್ಕೆ ಸರಿಸಿದೆವು. ಅದು ಈಗ ಪೆಟ್ಟಿಗೆಯ ಮುಂಗೋಡೆಯಿಂದ ಉದ್ದದ ನೂರಕ್ಕೆ 62 ಭಾಗದಲ್ಲಿ ನಿಂತಿದೆ, ಕೊಂಡಿಯ ಮೇಲೆ 45 ಕಿಲೋ ಕೂರುತ್ತದೆ. ಟ್ಯಾಂಕು ತುಂಬಿ ಒಟ್ಟು ತೂಕ 440 ಕಿಲೋ ಆದರೂ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯುವುದಿಲ್ಲ. ನಮ್ಮ ವೆಲ್ಡಿಂಗಿನವರು ಅಚ್ಚಿನ ಹಿಡಿಕೆಗಳಿಗೆ ಬರಿಯ ಟ್ಯಾಕ್, ಎಂದರೆ ಅಲ್ಲಲ್ಲಿ ತಾತ್ಕಾಲಿಕ ಚುಕ್ಕೆ ಬೆಸುಗೆ, ಹಾಕಿ, "ತೂಕ ಆದ್ಮೇಲೆ ಪೂರ್ತಿ ಹಾಕ್ತೀನಿ ಸಾರ್" ಎಂದಿದ್ದರು. ಅವರು ಕೆಲಸ ಉಳಿಸಿ ಹೋದರೆಂದು ನಾನು ಒಳಗೊಳಗೇ ಗೊಣಗಿದ್ದೆ. ಗ್ರೈಂಡರಿನಿಂದ ಹತ್ತೇ ನಿಮಿಷದಲ್ಲಿ ಆ ಟ್ಯಾಕ್‌ಗಳು ಬಿಟ್ಟುಕೊಂಡಾಗ, ಅವರನ್ನು ಕೂರಿಸಿ ಎರಡು ಲೋಟ ಕಾಫಿ ಕುಡಿಸಿದೆ.

ಬಟ್ಟೆಯ ಗೋಡೆಯ ವಿಷಯದಲ್ಲಿಯೂ ತಪ್ಪಿನಿಂದಲೇ ಕಲಿತದ್ದು. ಅಳತೆ ನೋಡಲೆಂದು ಮೊದಲು ನೀಲಿ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿ ಒಂದು ರಾತ್ರಿ ನಾವಿಬ್ಬರೂ ಒಳಗೆ ಮಲಗಿದೆವು. ಬೆಳಗ್ಗೆ ಎದ್ದಾಗ ನಮ್ಮ ಉಸಿರಿನ ತೇವವೆಲ್ಲ ಪ್ಲಾಸ್ಟಿಕ್ಕಿಗೆ ತಗುಲಿ ಹನಿಗಟ್ಟಿ, ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಹೊರಗೆ ಮಳೆಯಿರಲಿಲ್ಲ. ಆಮೇಲೆ ದಪ್ಪ ಹತ್ತಿ ಕ್ಯಾನ್ವಾಸನ್ನೇ ಗೊತ್ತುಮಾಡಿಕೊಂಡು, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಲಾರಿ ಟಾರ್ಪಾಲು, ಶಾಮಿಯಾನ ಹೊಲಿಯುವ ಹಿರಿಯರೊಬ್ಬರನ್ನು ಊರಿಗೆ ಕರೆದುಕೊಂಡು ಬಂದೆ. ನಾನು ಗೀರಿದ ನಕ್ಷೆಯನ್ನು ಅವರು ಬಿಚ್ಚಿಯೂ ನೋಡಲಿಲ್ಲ. "ಏರೋದು ಬೇಡ ಸಾರ್, ಇಳಿಯೋದು ತೋರಿಸಿ. ಹೊಲಿಗೆ ಏನು ದೊಡ್ಡದಲ್ಲ, ಬಟ್ಟೆ ಎಲ್ಲಿ ಮಡಿಚ್ಕೊಳ್ತದೆ ಅನ್ನೋದೇ ನೋಡ್ಬೇಕು" ಎಂದರು. ಚಾವಣಿಯನ್ನು ಮೂರು ಸಲ ಇಳಿಸಿ ತೋರಿಸಿದ ಮೇಲೆ, ಬಟ್ಟೆಯ ನಡುಮಟ್ಟದಲ್ಲಿ ಒಳಗಿನಿಂದ ಒಂದು ತೋಳುಪಟ್ಟಿ ಹೊಲಿದು ಅದರಲ್ಲಿ ಎಲಾಸ್ಟಿಕ್ ಹಗ್ಗ ಪೋಣಿಸಿದರು. ಚಾವಣಿ ಇಳಿಯುತ್ತಿದ್ದಂತೆ ಆ ಹಗ್ಗ ಬಟ್ಟೆಯನ್ನು ನಾಲ್ಕೂ ಕಡೆಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಿಲ್ಲದಿದ್ದರೆ ಬಟ್ಟೆ ಹೊರಕ್ಕೆ ಉಬ್ಬಿ ಚಾವಣಿಯ ಅಂಚಿಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತದೆ. ಹತ್ತಿಯ ಇನ್ನೊಂದು ಗುಣವನ್ನೂ ಅವರೇ ಹೇಳಿದರು. ಹೊಸ ಕ್ಯಾನ್ವಾಸನ್ನು ಒಮ್ಮೆ ಚೆನ್ನಾಗಿ ನೆನೆಸಿ ಒಣಗಿಸಿದರೆ ನೂಲು ಉಬ್ಬಿ ಸೂಜಿಯ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒದ್ದೆಯಾಗಿ ಮಡಚಿಟ್ಟರೆ ಮಾತ್ರ ಬೂಷ್ಟು ಹಿಡಿದು ಕೆಡುತ್ತದೆ. ಮಳೆಯಲ್ಲಿ ಮುಚ್ಚಬೇಕಾಗಿ ಬಂದರೆ ಮಾರನೆಯ ದಿನ ಮತ್ತೆ ಬಿಚ್ಚಿ ಒಣಗಿಸಲೇಬೇಕು.

ಇದನ್ನು ಓದಿ ತಾವೂ ಒಂದನ್ನು ಕಟ್ಟಬೇಕೆಂದುಕೊಳ್ಳುವವರು ಕಾನೂನಿನ ವಿಷಯವನ್ನು ಮೊದಲೇ ತಿಳಿದಿರಬೇಕು. ಎಂಜಿನ್ನೇ ಇಲ್ಲದಿದ್ದರೂ ಟ್ರೇಲರನ್ನು 1988ರ ಮೋಟಾರು ವಾಹನ ಕಾಯ್ದೆಯು 'ಮೋಟಾರು ವಾಹನ'ದ ವ್ಯಾಖ್ಯೆಯೊಳಗೇ ಸೇರಿಸುತ್ತದೆ. ನೋಂದಣಿಯಿಲ್ಲದೆ ಅದನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಆದ್ದರಿಂದ ನಮ್ಮ ಗಾಡಿ ಸದ್ಯಕ್ಕೆ ಆಲೆಮನೆಯಿಂದ ಕಬ್ಬಿನ ಗದ್ದೆಗೆ, ಅಲ್ಲಿಂದ ತೆಂಗಿನ ತೋಟಕ್ಕೆ, ನಮ್ಮದೇ ಜಮೀನಿನೊಳಗೆ ಓಡಾಡುತ್ತದೆ. ರಸ್ತೆಗೆ ತಕ್ಕ ಅಳತೆಯಲ್ಲಿಯೇ ಕಟ್ಟಿದ್ದೇವೆ. ಕಾಗದಪತ್ರದ ದಾರಿಯನ್ನು ಇನ್ನು ಹಿಡಿಯಬೇಕು.

ಖರ್ಚು 1,38,000 ರೂಪಾಯಿ ದಾಟಿತು. ಅದರಲ್ಲಿ ಹತ್ತಿರ ಹತ್ತಿರ ಹದಿನೈದು ಸಾವಿರ ಆ ಮೊದಲ ಚಾವಣಿಯದು. ಅದೀಗ ದನದ ಕೊಟ್ಟಿಗೆಯ ಮೇಲೆ ಭದ್ರವಾಗಿ ಕುಳಿತಿದೆ. ನಮ್ಮ ಮನೆಯವರೂ ಮಕ್ಕಳೂ ಯುಗಾದಿಯ ರಾತ್ರಿ ಒಳಗೆ ಮಲಗಿ ಎದ್ದರು, ಅತ್ತೆಯವರು ಇಣುಕಿ ನೋಡಿ "ಇದ್ರೊಳ್ಗೆ ಒಲೆ ಎಲ್ಲಿ ಹೂಡ್ತೀರಿ?" ಎಂದು ಕೇಳಿ ಹೋದರು. ಆದರೆ ಅದನ್ನು ನಮಗಿಂತ ಹೆಚ್ಚಾಗಿ ಬಳಸುತ್ತಿರುವವರು ಮಾವನವರು. ಕಬ್ಬಿಗೆ ಕಾಡುಹಂದಿ ನುಗ್ಗುವ ದಿನಗಳಲ್ಲಿ ಭಾಮೈದನಿಂದ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಹೋಗಿ, ನಾಲ್ಕು ಮೂಲೆಗೂ ಊರುಗೋಲು ಇಳಿಸಿ, ಪಿನ್ನು ಹಾಕಿ, ಗದ್ದೆಯ ಬದುವಿನಲ್ಲಿ ಮಲಗುತ್ತಾರೆ. ಕಳೆದ ವಾರದ ಮಳೆಗೆ ಹಿಂಬಾಗಿಲ ಕೆಳಮೂಲೆಯಿಂದ ನೀರು ಒಸರಿ ಹಾಸಿಗೆಯ ತುದಿ ನೆನೆದಿದೆಯಂತೆ. ಈ ಶನಿವಾರ ರಬ್ಬರ್ ಬೀಡಿಂಗ್ ತೆಗೆದುಕೊಂಡು ಹೋಗಬೇಕು.