ಮಂಡಿಯೂರಿ ಆರನೇ ವಾರ

ತೊರೆಯಲ್ಲಿ ಗಾಳ ಹಾಕುತ್ತಾ ಕಳೆದ ಐದು ವಾರದಲ್ಲಿ ಸಿಕ್ಕ ಟ್ರೌಟ್ ಮೀನು ಎರಡು. ನನ್ನನ್ನು ಕಂಡು ಓಡಿದವು ಲೆಕ್ಕಕ್ಕಿಲ್ಲ. ಪ್ರತಿ ಸಲವೂ ಫ್ಲೈಯನ್ನೇ, ಅಂದರೆ ಕೊಕ್ಕೆಗೆ ಗರಿ-ಕೂದಲು ಕಟ್ಟಿ ಮಾಡಿದ ಹುಸಿ ಹುಳುವನ್ನೇ, ದೂರಿದೆ. ಆಡಮ್ಸ್ ಎಂಬ ಫ್ಲೈ ಹೋಗಿ ಎಲ್ಕ್ ಹೇರ್ ಕ್ಯಾಡಿಸ್ ಎಂಬುದು ಬಂತು, 14ನೇ ನಂಬರಿನ ಕೊಕ್ಕೆ ಹೋಗಿ ಅದಕ್ಕಿಂತ ಚಿಕ್ಕದಾದ 18 ಬಂತು. ಡಬ್ಬಿ ತುಂಬಿತು, ಅಷ್ಟೆ. ಹಾಗಾಗಿ ಈ ವಾರ ಇಡೀ ದಿನ ಒಂದೇ ಫ್ಲೈ, 16ನೇ ನಂಬರಿನ ಕ್ಯಾಡಿಸ್ ಎಂದು ಗಟ್ಟಿ ಮಾಡಿಕೊಂಡೆ. ತಿದ್ದಬೇಕಾದದ್ದು ನನ್ನ ಕಾಲು.

ಟ್ರೌಟ್ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೋಗಬೇಕು ಎನ್ನುವುದು ಮೊದಲ ದಿನವೇ ಗೊತ್ತಿತ್ತು. ಎತ್ತರದ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ. ಮೀನಿಗೆ ನೀರಿನಾಚೆಯ ಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ. 30 ಸೆಂ.ಮೀ. ಆಳದಲ್ಲಿ ಅದರ ಅಗಲ ಸುಮಾರು 68 ಸೆಂ.ಮೀ. ಬೆಳಕು ಬಾಗುವುದರಿಂದ ದಡದ ಮೇಲಿನದ್ದೆಲ್ಲ ಆ ಕಿಟಕಿಯ ಅಂಚಿಗೆ ಮುದುಡುತ್ತದೆ. ನೀರಿನ ಮಟ್ಟದಿಂದ ಹತ್ತು ಡಿಗ್ರಿ ಎತ್ತರಕ್ಕಿಂತ ಕೆಳಗಿರುವುದು ಸರಿಯಾಗಿ ಕಾಣುವುದೇ ಇಲ್ಲ. ಆರು ಮೀಟರ್ ದೂರದಲ್ಲಿ ನಾನು ನೆಟ್ಟಗೆ ನಿಂತರೆ ತಲೆ 15 ಡಿಗ್ರಿಯಲ್ಲಿರುತ್ತದೆ, ಮಂಡಿಯೂರಿ ಹಿಮ್ಮಡಿಯ ಮೇಲೆ ಕುಳಿತರೆ ಎಂಟು-ಒಂಬತ್ತು. ಐದು ವಾರ ನಾನು ದೀಪಸ್ತಂಭದಂತೆ ನಿಂತಿದ್ದೆ!

ಮೊದಲ ಮಡು ಹಾಳಾಯಿತು. ತಲೆ ಬಗ್ಗಿಸಿದ್ದು ಸರಿ, ಆದರೆ ಬೂಟಿನಡಿಯ ಕಲ್ಲೊಂದು ಪಕ್ಕದ ಕಲ್ಲಿಗೆ ಟಕ್ಕೆಂದು ತಾಗಿತು. ಗಾಳಿಯಲ್ಲಿ ಆಡಿದ ಮಾತು ನೀರಿಗೆ ಇಳಿಯುವುದು ಬಹಳ ಕಡಿಮೆ, ಕಲ್ಲಿನ ಸದ್ದು ಹಾಗಲ್ಲ. ಎರಡನೆಯದರಲ್ಲಿ ಮಡುವಿನ ಬಾಲದಲ್ಲಿದ್ದ ಬೆರಳುದ್ದದ ಮರಿಯನ್ನು ಗಮನಿಸದೆ ಹೋದೆ. ಅದು ಬಾಣದಂತೆ ಮೇಲಕ್ಕೋಡಿತು, ದೊಡ್ಡವೆಲ್ಲ ಬಂಡೆಯಡಿ ಸೇರಿದವು. ಇಂಥ ಕಾವಲುಗಾರರನ್ನು ಮೊದಲು ಹುಡುಕಬೇಕು.

ಮೂರನೆಯದರ ಮೇಲೆ ಕೊಂಬೆಗಳು ಬಾಗಿದ್ದವು. ಗಾಳದ ಕೋಲು (ರಾಡ್) ಬೀಸಲು ಜಾಗವೇ ಇಲ್ಲ. ಹತ್ತು ನಿಮಿಷ ಬಂಡೆಯ ಹಿಂದೆ ಸುಮ್ಮನೆ ಕುಳಿತೆ. ನೊರೆಯ ಗೆರೆಯಲ್ಲಿ ಒಂದು ಮೂತಿ ಎದ್ದು ಮುಳುಗಿತು. ಸ್ವಲ್ಪ ಹೊತ್ತಿಗೆ ಅಲ್ಲಿಯೇ ಮತ್ತೊಮ್ಮೆ. ಕೊಕ್ಕೆಯ ಬಾಗನ್ನು ಎರಡು ಬೆರಳಲ್ಲಿ ಹಿಡಿದು, ರಾಡ್ ಬಿಲ್ಲಿನಂತೆ ಬಾಗುವವರೆಗೆ ಎಳೆದು ಬಿಟ್ಟೆ. (ಕಳೆದ ವಾರ ಮೊನೆಯ ಕಡೆ ಹಿಡಿದು ಹೆಬ್ಬೆರಳಿಗೆ ಚುಚ್ಚಿಕೊಂಡಿದ್ದೆ.) ಫ್ಲೈ ಬಿದ್ದ ಜಾಗ ಸರಿಯಿತ್ತು, ಆದರೆ ಫ್ಲೈಗೆ ಕಟ್ಟಿದ ಸಣ್ಣ ದಾರ, ಲೀಡರ್, ನಡುವಿನ ರಭಸಕ್ಕೆ ಸಿಕ್ಕಿ ಅದನ್ನು ಅಡ್ಡಡ್ಡ ಎಳೆಯಿತು. ಹರಿವಿನೊಂದಿಗೆ ತೇಲುವ ಹುಳು ಹೀಗೆ ನೀರ ಮೇಲೆ ಗೆರೆ ಕೊರೆಯುತ್ತಾ ಹೋಗುವುದಿಲ್ಲ. ಮೂತಿ ಏಳಲಿಲ್ಲ.

ಫ್ಲೈ ಕೆಳಗೆ ತೇಲಿ ಬರುವವರೆಗೂ ಎತ್ತಲಿಲ್ಲ. ಅವಸರದಲ್ಲಿ ಕಿತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒರೆಸಿ ಒಣಗಿಸಿ ಎರಡನೇ ಸಲ ಬಿಡುವಾಗ ರಾಡಿನ ತುದಿಯನ್ನು ಎತ್ತಿ ಹಿಡಿದೆ, ಲೀಡರ್ ನೀರಿಗೆ ತಾಗಲಿಲ್ಲ. ಕ್ಯಾಡಿಸ್ ನೊರೆಯ ಜೊತೆ ಒಂದು ಗೇಣು, ಎರಡು ಗೇಣು ಬಂತು. ಆಮೇಲೆ ಅದಿರಲಿಲ್ಲ. ಸದ್ದೂ ಇಲ್ಲ, ಒಂದು ಸಣ್ಣ ಸುಳಿ ಮಾತ್ರ.

ಕಂದು ಟ್ರೌಟ್, ಒಂದು ಗೇಣಿನ ಮೇಲೆ ಎರಡು ಬೆರಳು. ಕೈ ಒದ್ದೆ ಮಾಡಿಕೊಂಡು ನೀರಿನಲ್ಲಿಯೇ ಕೊಕ್ಕೆ ಬಿಡಿಸಿದೆ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರಿಂದ ಕ್ಷಣವೂ ಹಿಡಿಯಲಿಲ್ಲ. ಮಧ್ಯಾಹ್ನ ನೀರು 19 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು, ಅಲ್ಲಿಗೆ ನಿಲ್ಲಿಸಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನೂ ಬದುಕುವುದು ಕಷ್ಟ.

ಮುಂದಿನ ವಾರಕ್ಕೆ: ಮಂಡಿಗೆ ದಪ್ಪನೆಯ ಮೆತ್ತೆ. ಎಡಗಾಲು ಇನ್ನೂ ಮಡಚುತ್ತಿಲ್ಲ.