ರೂಲ್ ತೆಗೆದರೂ ಡಿಸ್ಕ್ ಖಾಲಿಯಾಗದಾಗ

ಡಿಸ್ಕ್ ತುಂಬಿದೆ ಎಂದು ಅಲಾರಂ ಬಡಿದುಕೊಳ್ಳುತ್ತಿರುತ್ತದೆ. ಸಂಜೆಯೊಳಗೆ ಜಾಗ ಆಗಬೇಕು ಎಂದು ಮೇಲಿನಿಂದ ಒತ್ತಡ. ವೈಜ್ಞಾನಿಕ ಪ್ರಯೋಗಗಳ ಡೇಟಾ ನಿರ್ವಹಿಸುವ ತಂತ್ರಾಂಶ ರೂಸಿಯೊದಲ್ಲಿ ಹಳೆಯ ಡೇಟಾಸೆಟ್‌ಗಳ ರೂಲ್ (ಇಂಥ ಡೇಟಾ ಇಂಥ ಕಡೆ ಇರಬೇಕು ಎನ್ನುವ ನಿಯಮ) ತೆಗೆದದ್ದಾಯಿತು, ಆದರೂ ಗ್ರಾಫ್ ಕದಲುತ್ತಿಲ್ಲ. ನಿಜವಾದ ಅಪಾಯ ಶುರುವಾಗುವುದೇ ಆಗ: ತಾಳ್ಮೆಗೆಟ್ಟ ಯಾರೋ ಸ್ಟೋರೇಜ್ ನೋಡ್‌ಗೆ ಲಾಗಿನ್ ಆಗಿ ನೇರವಾಗಿ ಆರ್‌ಎಂ (ಫೈಲ್ ಅಳಿಸುವ ಕಮಾಂಡ್) ಹೊಡೆಯುತ್ತಾರೆ.

ದಯವಿಟ್ಟು ಹೊಡೆಯಬೇಡಿ. ಮೊದಲ ಒಂದು ಗಂಟೆ ಏನೂ ಆಗದಿರುವುದೇ ಸರಿ. ಡಿಲೀಟ್ ರೂಲ್ ಕೊಟ್ಟಾಗ ರೂಲ್‌ನ ಅವಧಿ 3,600 ಸೆಕೆಂಡಿಗೆ ಇಳಿಯುತ್ತದೆ, ಅಷ್ಟೆ. ಅದು ಮುಗಿದ ಮೇಲೆ ರೂಸಿಯೊದ ಹಿನ್ನೆಲೆ ಪ್ರೋಗ್ರಾಂ ಜಡ್ಜ್ ಕ್ಲೀನರ್ ಬಂದು, ರೂಲ್ ಫೈಲಿನ ಮೇಲೆ ಹಾಕಿದ್ದ ಲಾಕ್ ಬಿಡಿಸುತ್ತದೆ. ಅದೇ ಫೈಲನ್ನು ಇನ್ನೊಂದು ಡೇಟಾಸೆಟ್‌ನ ರೂಲ್ ಅಲ್ಲೇ ಹಿಡಿದಿದ್ದರೆ ಒಂದು ಬೈಟೂ ಬಿಡುಗಡೆಯಾಗದು. ಲಾಕ್ ಎಣಿಕೆ ಸೊನ್ನೆಗೆ ಬಂದರೆ ಮಾತ್ರ ರೆಪ್ಲಿಕಾಗೆ, ಅಂದರೆ ಅಲ್ಲಿರುವ ಪ್ರತಿಗೆ, ಟೂಂಬ್‌ಸ್ಟೋನ್ (ಇನ್ನು ಅಳಿಸಬಹುದು ಎನ್ನುವ ತಾರೀಕಿನ ಗುರುತು) ಬೀಳುತ್ತದೆ. ಆಗಲೂ ಅಳಿಸುವ ಪ್ರೋಗ್ರಾಂ ರೀಪರ್ ಗ್ರೀಡಿ ಮೋಡ್‌ನಲ್ಲಿ (ಸಿಕ್ಕಿದ್ದನ್ನು ಕೂಡಲೇ ಅಳಿಸುವ ರೀತಿ) ಇಲ್ಲದಿದ್ದರೆ, ಆರ್‌ಎಸ್‌ಇಯ (ರೂಸಿಯೊದಲ್ಲಿ ಒಂದು ಸ್ಟೋರೇಜ್ ತಾಣ) ಖಾಲಿ ಜಾಗ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿಯುವ ತನಕ ಅದನ್ನು ಮುಟ್ಟುವುದಿಲ್ಲ. ಇದು ಒಳ್ಳೆಯ ವ್ಯವಸ್ಥೆ. ನಾಳೆ ಯಾರಾದರೂ ಮತ್ತೆ ರೂಲ್ ಹಾಕಿದರೆ ಟ್ರಾನ್ಸ್‌ಫರ್ ಇಲ್ಲದೆ ಡೇಟಾ ಅಲ್ಲೇ ಸಿಗುತ್ತದೆ. ಎಷ್ಟು ಬೈಟು ನಿಜಕ್ಕೂ ಬಿಡುಗಡೆಯಾಗಲಿದೆ ಎಂದು ಟೂಲ್ ಅಲ್ಲೇ ತೋರಿಸಿದ್ದರೆ ಅರ್ಧ ಗಾಬರಿ ಇರುತ್ತಿರಲಿಲ್ಲ.

ತುರ್ತಿದ್ದರೆ ರೂಲ್ ತೆಗೆಯುವಾಗಲೇ ಪರ್ಜ್ ರೆಪ್ಲಿಕಾಸ್ ಎಂಬ ಆಯ್ಕೆ ಕೊಡಿ. ಆಗ ಟೂಂಬ್‌ಸ್ಟೋನ್‌ಗೆ 1970ರ ಜನವರಿ 1 ಎಂದು ತಾರೀಕು ಬೀಳುತ್ತದೆ, ಜಾಗದ ಲೆಕ್ಕ ನೋಡದೆ ರೀಪರ್ ಎತ್ತಿಕೊಳ್ಳುತ್ತದೆ. ಕೊಡುವ ಮುನ್ನ ಬೇರೆ ಆರ್‌ಎಸ್‌ಇಗಳಲ್ಲಿ ಪ್ರತಿ ಇದೆಯೇ ಎಂದು ಲಿಸ್ಟ್ ಮಾಡಿ ನೋಡಲೇಬೇಕು.

ಇರೇಸ್ ಕಮಾಂಡ್ ಬೇರೆಯೇ ವಿಷಯ. ಅದು ಒಂದು ರೂಲನ್ನಲ್ಲ, ಡೇಟಾಸೆಟ್ಟನ್ನೇ ತೆಗೆಯುತ್ತದೆ. ಅನ್‌ಡೂ ಮಾಡಲು 24 ಗಂಟೆ ಇರುತ್ತದೆ, ಆಮೇಲೆ ಅವಧಿ ಮುಗಿದ ಡೇಟಾಸೆಟ್ ತೆಗೆಯುವ ಪ್ರೋಗ್ರಾಂ ಅಂಡರ್‌ಟೇಕರ್ ಕೆಲಸ ಮುಗಿಸುತ್ತದೆ. ಅಳಿಸಿದ ಹೆಸರನ್ನು ಮತ್ತೆ ಬಳಸುವ ಹಾಗಿಲ್ಲ. ತಪ್ಪಾಗಿ ಅಪ್‌ಲೋಡ್ ಆದದ್ದನ್ನು ಅಳಿಸಿ ಅದೇ ಹೆಸರಲ್ಲಿ ಹಾಕೋಣ ಎನ್ನುವವರು ಇದನ್ನು ಮೊದಲೇ ತಿಳಿದಿರಲಿ.

ಇನ್ನು ನೇರ ಆರ್‌ಎಂ. ಡಿಸ್ಕಿನಲ್ಲಿ ಫೈಲ್ ಹೋದರೂ ರೂಸಿಯೊದ ದಾಖಲೆಯಾದ ಕ್ಯಾಟಲಾಗ್‌ನಲ್ಲಿ ರೆಪ್ಲಿಕಾ ಅವೈಲಬಲ್ ಎಂದೇ ಇರುತ್ತದೆ. ಜಾಬ್‌ಗಳು ಅಲ್ಲಿಗೇ ಹೋಗಿ ಬೀಳುತ್ತವೆ, ಅದನ್ನು ಸೋರ್ಸ್ ಮಾಡಿಕೊಂಡ ಟ್ರಾನ್ಸ್‌ಫರ್‌ಗಳೂ ಫೇಲ್ ಆಗುತ್ತವೆ. ಆಗ ಉಳಿದಿರುವ ದಾರಿ, ಪಟ್ಟಿ ಮಾಡಿ ಬ್ಯಾಡ್ ಎಂದು ಘೋಷಿಸುವುದು. ಬೇರೆ ಕಡೆ ಪ್ರತಿ ಇದ್ದರೆ ಕೆಟ್ಟ ಪ್ರತಿಗಳನ್ನು ಸರಿಪಡಿಸುವ ಪ್ರೋಗ್ರಾಂ ನೆಕ್ರೋಮ್ಯಾನ್ಸರ್ ಮತ್ತೆ ತರಿಸುತ್ತದೆ. ಅದೇ ಕೊನೆಯ ಪ್ರತಿಯಾಗಿದ್ದರೆ ಫೈಲ್ ಲಾಸ್ಟ್, ಮಾಪನ ಹೋದಂತೆಯೇ.

ಇದರ ತಲೆಕೆಳಗು ಡಾರ್ಕ್ ಡೇಟಾ: ಡಿಸ್ಕಿನಲ್ಲಿದೆ, ಕ್ಯಾಟಲಾಗ್‌ನಲ್ಲಿಲ್ಲ. ಇದನ್ನು ಒಂದೇ ಡಂಪ್ (ಆ ಹೊತ್ತಿನ ಫೈಲುಗಳ ಪೂರ್ತಿ ಪಟ್ಟಿ) ನೋಡಿ ಅಳಿಸಬಾರದು, ಆ ಹೊತ್ತಿನಲ್ಲಿ ಬರುತ್ತಿದ್ದ ಹೊಸ ಫೈಲುಗಳೂ ಡಾರ್ಕ್ ಎಂದೇ ಕಾಣುತ್ತವೆ. ಸ್ಟೋರೇಜ್ ಡಂಪ್‌ಗೆ ಮೊದಲು ಒಂದು, ಆಮೇಲೆ ಒಂದು ಕ್ಯಾಟಲಾಗ್ ಡಂಪ್ ತೆಗೆಯಿರಿ. ಎರಡರಲ್ಲೂ ಇಲ್ಲದ್ದು ಮಾತ್ರ ಡಾರ್ಕ್; ಎರಡರಲ್ಲೂ ಇದ್ದು ಡಿಸ್ಕಿನಲ್ಲಿ ಇಲ್ಲದ್ದು ಲಾಸ್ಟ್. ಪಟ್ಟಿ ಎಂದಿಗಿಂತ ತೀರಾ ಉದ್ದ ಬಂದರೆ ಅಳಿಸುವುದನ್ನು ನಿಲ್ಲಿಸಿ ಡಂಪನ್ನೇ ಅನುಮಾನಿಸಿ. ಅದು ಅರ್ಧಕ್ಕೆ ತುಂಡಾಗಿರಬಹುದು, ಪಾತ್‌ನ ಪ್ರಿಫಿಕ್ಸ್ ಬದಲಾಗಿರಬಹುದು.

ಟೇಪ್‌ನಿಂದ ಅಳಿಸಿ ಜಾಗದ ಭರವಸೆಯನ್ನು ಯಾರಿಗೂ ಕೊಡಬೇಡಿ. ಅಲ್ಲಿ ದಾಖಲೆ ಹೋಗುತ್ತದೆ, ಕಾರ್ಟ್ರಿಜ್ ರೀಪ್ಯಾಕ್ ಆಗುವವರೆಗೆ (ಉಳಿದ ಫೈಲುಗಳನ್ನು ಬೇರೆ ಕಾರ್ಟ್ರಿಜ್‌ಗೆ ಸಾಗಿಸುವವರೆಗೆ) ಜಾಗ ಬರುವುದಿಲ್ಲ.